ಕಂಪ್ಯೂಟರಿಗೆ ಉಪಚಾರ ಕಲಿಸಿದ್ದು

ಮನುಷ್ಯರಿಗೆ ಕಲಿಸುವುದು ಸುಲಭ. ಅರ್ಧ ಹೇಳಿದರೆ ಸಾಕು, ಉಳಿದರ್ಧವನ್ನು ಅವರೇ ತಪ್ಪಾಗಿ ತಿಳಿದುಕೊಂಡು ಮುಂದೆ ಹೋಗುತ್ತಾರೆ. ಯಂತ್ರ ಹಾಗಲ್ಲ. ಅದು ಹೇಳಿದಷ್ಟನ್ನೇ ಮಾಡುತ್ತದೆ, ಹೇಳಿದ್ದನ್ನೆಲ್ಲ ಮಾಡುತ್ತದೆ, ನಿಲ್ಲಿಸು ಎಂದು ಹೇಳುವುದನ್ನು ನಾವು ಮರೆತಿದ್ದರೆ ನಿಲ್ಲಿಸುವುದೂ ಇಲ್ಲ. ಆಳಂದ ತಾಲ್ಲೂಕಿನ ಶಾಲೆಯೊಂದರಲ್ಲಿ ಅರ್ಧ ಆಯುಷ್ಯ ಗಣಿತ ಹೇಳಿಕೊಟ್ಟ ನನಗೆ ಈ ವ್ಯತ್ಯಾಸ ತಿಳಿದದ್ದು ಈಚೆಗೆ. ತಿಳಿದ ರೀತಿ ಎಂಥದ್ದೆಂದರೆ, ಈಗಲೂ ಯಾರಾದರೂ ಹಿಂದಿನಿಂದ ಬಂದು "ಚಾ ಕುಡೀತೀರೇನ್ರಿ?" ಎಂದರೆ ನನ್ನ ಎದೆ ಝಲ್ಲೆನ್ನುತ್ತದೆ. ನಡೆದದ್ದಕ್ಕೆ ನಾನೇ ಸಾಕ್ಷಿ. ಆರೋಪಿಯೂ ನಾನೇ ಆಗಿರುವುದರಿಂದ ಸಾಕ್ಷಿಯನ್ನು ಸ್ವಲ್ಪ ನಿಧಾನವಾಗಿ, ಕಂಡದ್ದನ್ನು ಕಂಡಂತೆ ಹೇಳುತ್ತೇನೆ.

ಮೊದಲು ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳಲ್ಲಿ ಮನೆಗೆ ಬಂದವರಿಗೆ ಚಹಾ ಬೇಕೇ ಎಂದು ಕೇಳಿದರೆ ಅವರು ಮೊದಲು "ಬ್ಯಾಡ್ರಿ, ಈಗ ಆಗೇದ" ಅನ್ನುತ್ತಾರೆ. ಆಗಿರುವುದಿಲ್ಲ. ಅದು ನಮಗೂ ಗೊತ್ತು, ನಮಗೆ ಗೊತ್ತೆಂಬುದು ಅವರಿಗೂ ಗೊತ್ತು. ಎರಡನೆಯ ಸಲ ಕೇಳಿದಾಗ "ಸುಮ್ನ ಯಾಕ ತ್ರಾಸ ತಗೋತೀರಿ" ಅನ್ನುತ್ತಾರೆ. ಮೂರನೆಯ ಸಲಕ್ಕೆ "ಆಯ್ತು, ಅರ್ಧಾ ಕಪ್ ಕೊಡ್ರಿ" ಎಂದು ಒಪ್ಪುತ್ತಾರೆ. ನಾವು ತುಂಬಿದ ಕಪ್ಪನ್ನೇ ತರುತ್ತೇವೆ. ಮೊದಲ ಸಲಕ್ಕೇ ಹೂಂ ಅಂದವರನ್ನು ಹಸಿದು ಬಂದವರೆಂದು ತಿಳಿಯುತ್ತಾರೆ. ಮೊದಲ "ಬ್ಯಾಡ"ಕ್ಕೇ ಸುಮ್ಮನಾದ ಮನೆಯವರನ್ನು ಜಿಪುಣರೆಂದು ತಿಳಿಯುತ್ತಾರೆ. ನಮ್ಮ ಸೋದರತ್ತೆಯೊಬ್ಬರು ಒಂದು ಮನೆಯ ಊಟದಲ್ಲಿ ಎರಡನೆಯ ಹೋಳಿಗೆಗೆ ರೂಢಿಯ ಪ್ರಕಾರ ಕೈ ಅಡ್ಡ ಹಿಡಿದರು. ಬಡಿಸುತ್ತಿದ್ದ ಸೊಸೆ ಹೊಸಬಳು, ದೂರದ ಊರಿನವಳು. ಪಾಪ, ಹೋಳಿಗೆ ಬುಟ್ಟಿಯನ್ನು ಎತ್ತಿಕೊಂಡು ಪಕ್ಕದ ಎಲೆಗೆ ಹೋಗಿಬಿಟ್ಟಳು. ಅತ್ತೆ ಆ ಮನೆಗೆ ಮತ್ತೆ ಕಾಲಿಡಲಿಲ್ಲ. "ಹೋಳಿಗಿದು ಅಲ್ಲವಾ, ಮಾತಿಂದು" ಎಂದು ಇವತ್ತಿಗೂ ಹೇಳುತ್ತಾರೆ. ಆದರೆ ನನಗೆ ಗೊತ್ತು, ಹೋಳಿಗೆಯದೂ ಹೌದು.

ಇನ್ನು ನಮ್ಮ ಶಾಲೆಯ ಸಂಗತಿ. ನಮ್ಮಲ್ಲಿ ಆರು ಕಂಪ್ಯೂಟರುಗಳಿವೆ, ಅವುಗಳಲ್ಲಿ ನಾಲ್ಕು ನಡೆಯುತ್ತವೆ. ಎಂಟನೆಯ ತರಗತಿಯಲ್ಲಿ ನಲವತ್ತಕ್ಕೂ ಹೆಚ್ಚು ಹುಡುಗಿಯರಿದ್ದಾರೆ. ಒಂದೊಂದು ಯಂತ್ರದ ಮುಂದೆ ಹತ್ತು ಹನ್ನೊಂದು ಜನ ಕೂತರೆ ಒಬ್ಬಳು ಕೀಲಿ ಒತ್ತುತ್ತಾಳೆ, ಒಬ್ಬಳು ಮೌಸ್ ಹಿಡಿಯುತ್ತಾಳೆ, ಉಳಿದವರು ಅಭಿಪ್ರಾಯ ಹೇಳುತ್ತಾರೆ. ಹಿಂದಿನ ಸಾಲಿನ ಭಾಗ್ಯಶ್ರೀ ಎಂಬ ಹುಡುಗಿ ರಟ್ಟಿನ ಮೇಲೆ ಕೀಲಿಮಣೆಯ ಚಿತ್ರ ಬರೆದುಕೊಂಡು ಅದರ ಮೇಲೆ ಬೆರಳಾಡಿಸಿ ಟೈಪಿಂಗ್ ಕಲಿತಿದ್ದಳು. ಅವಳ ಸರದಿ ಬರುವಷ್ಟರಲ್ಲಿ ದಿನವೂ ಗಂಟೆ ಹೊಡೆಯುತ್ತಿತ್ತು. ಹೀಗಿರುವಾಗ ತಾಲ್ಲೂಕಿಗೆ ಹೊಸ ಕಂಪ್ಯೂಟರುಗಳು ಬಂದಿವೆ, ಯಾವ ಶಾಲೆಯಲ್ಲಿ ಈಗಾಗಲೇ ಕಂಪ್ಯೂಟರ್ ಪಾಠ ನಿಜವಾಗಿ ನಡೆಯುತ್ತದೆಯೋ ಅದನ್ನು ನೋಡಿ ನಾಲ್ಕು ಯಂತ್ರ ಕೊಡುತ್ತಾರೆ ಎಂಬ ಸುದ್ದಿ ಬಂತು. ನೋಡಲು ಶಿಕ್ಷಣ ಇಲಾಖೆಯ ಸಾಹೇಬರೇ ಬರುತ್ತಾರಂತೆ. ಆ ನಾಲ್ಕು ಯಂತ್ರಗಳು ನನಗೆ ಬೇಕಾಗಿದ್ದವು. ಚಿನ್ನದ ಬಗ್ಗೆ ನನಗೆ ಅಂಥ ಆಸೆ ಎಂದೂ ಆಗಿಲ್ಲ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಇದಕ್ಕೆ ಸಂತೋಷದಿಂದ ಸಾಕ್ಷಿ ಹೇಳುತ್ತಾರೆ.

ಆದರೆ ಪಾಠ ನಡೆಯಬೇಕಾದರೆ ಮೊದಲು ಪಾಠ ಹೇಳುವವರಿಗೆ ಬರಬೇಕಲ್ಲ. ಮೂರೂ ತಾಲ್ಲೂಕಿನ ಶಿಕ್ಷಕರಿಗೆ ಜೇವರ್ಗಿಯಲ್ಲಿ ಪ್ರೋಗ್ರಾಮಿಂಗ್ ತರಬೇತಿ ಇಟ್ಟರು. ನಮ್ಮ ಹೆಡ್ ಮಾಸ್ತರರು ಯಾರು ಹೋಗುತ್ತೀರಿ ಎಂದು ಕೇಳಿದರು. ಎಲ್ಲರೂ ಬ್ಯಾಡ ಅಂದರು. ನಾನೂ "ಬ್ಯಾಡ್ರಿ ಸರ್, ಈ ವಯಸ್ಸಿನ್ಯಾಗ ನನಗೇನ್ ತಿಳೀತದ" ಅಂದೆ. ಹೆಡ್ ಮಾಸ್ತರರು ನಮ್ಮ ಕಡೆಯವರೇ. ಉಳಿದವರ "ಬ್ಯಾಡ" ಯಾವುದು, ನನ್ನ "ಬ್ಯಾಡ" ಯಾವುದು ಎಂಬುದನ್ನು ಮುಖ ನೋಡಿಯೇ ತಿಳಿದು, ನನ್ನ ಹೆಸರನ್ನು ಕಳಿಸಿದರು.

ಕಲಿಯಬೇಕಾದ ಭಾಷೆಯ ಹೆಸರು ಪೈಥಾನ್. ಮನೆಯಲ್ಲಿ ಹೇಳಿದೆ. ನಮ್ಮ ಮನೆಯವರದು ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ ಪೈಪು, ಸ್ಪ್ರಿಂಕ್ಲರ್ ಮಾರುವ ಅಂಗಡಿ. ಅವರು ಲೆಕ್ಕ ಮಾಡುತ್ತಿದ್ದವರು ತಲೆ ಎತ್ತಿ, "ಅದು ಹೆಬ್ಬಾವಲ್ಲೇನು?" ಎಂದು ಕೇಳಿದರು. ಹೌದು, ಆದರೆ ಕಲಿಯುವವರಿಗೆ ಎಲ್ಲಕ್ಕಿಂತ ಸುಲಭವಾದ ಭಾಷೆಯಂತೆ ಎಂದೆ. "ಹೆಬ್ಬಾವೂ ಹಂಗs. ಕಚ್ಚಂಗಿಲ್ಲ, ಮೆಲ್ಲಗ ಸುತ್ಕೋತದ," ಅಂದು ಮತ್ತೆ ಲೆಕ್ಕಕ್ಕೆ ತಲೆ ಬಗ್ಗಿಸಿದರು. ಆಗ ನಗು ಬಂತು. ಇದನ್ನು ಹೇಳುವಾಗ ಈಗ ಅಷ್ಟು ಬರುತ್ತಿಲ್ಲ.

ಜೇವರ್ಗಿಯಲ್ಲಿ ನಮಗೆ ಕಲಿಸಿದವಳು ರಶ್ಮಿ ಎಂಬ ಹುಡುಗಿ. ತುಮಕೂರಿನ ಕಡೆಯವಳು, ನನ್ನ ಮಗಳ ವಯಸ್ಸು, ಎಷ್ಟು ಸಲ ತಪ್ಪಿದರೂ ಬೇಸರ ಮಾಡಿಕೊಳ್ಳದ ಸ್ವಭಾವ. ಪ್ರಿಂಟ್ ಎಂದು ಬರೆದು, ಕಂಸದೊಳಗೆ, ಉದ್ಧರಣ ಚಿಹ್ನೆಗಳ ನಡುವೆ ಏನು ಹಾಕಿದರೂ ಅದು ತೆರೆಯ ಮೇಲೆ ಬರುತ್ತದೆ ಎಂದು ಹೇಳಿಕೊಟ್ಟಳು. "ಮೊದಲನೇ ಪ್ರೋಗ್ರಾಂನಲ್ಲಿ ಎಲ್ಲರೂ ಜಗತ್ತಿಗೆ ನಮಸ್ಕಾರ ಹೇಳ್ತಾರೆ. ನೀವೂ ಹೇಳಿ ನೋಡೋಣ," ಅಂದಳು.

ನನ್ನ ಬಲಕ್ಕೆ ಅಫಜಲಪುರದ ಮಲ್ಲಣ್ಣ ಮಾಸ್ತರರು ಕೂತಿದ್ದರು. ದಪ್ಪ ಮೀಸೆ, ಅದಕ್ಕಿಂತ ದಪ್ಪ ದನಿ. "ಜಗತ್ತಿನ್ಯಾಗ ಯಾರಿಗ್ರಿ ಮೇಡಂ?" ಎಂದು ಕೇಳಿದರು. "ಗುರುತಿಲ್ಲ ಪರಿಚಯಿಲ್ಲ, ಯಾವೂರು ಏನು ಅಂತ ಕೇಳ್ದs ಹ್ಯಾಂಗ ನಮಸ್ಕಾರ ಹೇಳೋದು?" ರಶ್ಮಿ ನಕ್ಕು, ಹಾಗಾದರೆ ನಿಮಗೆ ಬೇಕಾದವರಿಗೆ ಹೇಳಿ ಅಂದಳು. ನಾನು "ಶರಣ್ರಿ" ಎಂದಷ್ಟೇ ಬರೆದೆ. ಕೊನೆಯ ಉದ್ಧರಣ ಚಿಹ್ನೆಯನ್ನು ಮರೆತಿದ್ದೆ. ತೆರೆಯ ಮೇಲೆ ಕೆಂಪು ಅಕ್ಷರಗಳಲ್ಲಿ ನನ್ನನ್ನು ಬಯ್ದು ನಾಲ್ಕು ಸಾಲು ಬಂದವು. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಇಷ್ಟು ವರ್ಷ ಕೆಂಪು ಶಾಯಿ ಬಳಸಿದವಳು ನಾನು; ಅದು ಎದುರಿನಿಂದ ನೋಡಿದಾಗ ಹೇಗೆ ಕಾಣುತ್ತದೆ ಎಂಬುದು ಅವತ್ತು ತಿಳಿಯಿತು. ಚಿಹ್ನೆ ಹಾಕಿ ಮತ್ತೆ ಒತ್ತಿದೆ. "ಶರಣ್ರಿ" ಎಂದು ಬಂತು. ಯಾರೂ ಇಲ್ಲದ ಮನೆಯ ಬಾಗಿಲು ತಟ್ಟಿದಾಗ ಒಳಗಿನಿಂದ ಯಾರೋ ಓಗೊಟ್ಟ ಹಾಗಾಯಿತು. ನಾನು ಅರಿವಿಲ್ಲದೆ "ಶರಣ್ರಿ" ಎಂದು ತಿರುಗಿ ಹೇಳಿದೆ. ಮಲ್ಲಣ್ಣ ಮಾಸ್ತರರು ನೋಡಿದರು, ಆದರೆ ನಗಲಿಲ್ಲ. ಅವರೂ ತಮ್ಮ ಯಂತ್ರಕ್ಕೆ ಕೈ ಮುಗಿದದ್ದನ್ನು ನಾನು ನೋಡಿದ್ದೆ.

ಮರುದಿನ ಷರತ್ತುಗಳ ಪಾಠ. ಇಫ್ ಎಂದು ಬರೆದು ಷರತ್ತು ಹೇಳಬೇಕು, ಸಾಲಿನ ಕೊನೆಗೆ ಒಂದರ ಮೇಲೊಂದು ಎರಡು ಚುಕ್ಕೆ ಇಡಬೇಕು, ಅದರ ಕೆಳಗಿನ ಸಾಲು ಸ್ವಲ್ಪ ಒಳಗೆ ಸರಿದು ಕೂಡಬೇಕು. ಮನೆಯಲ್ಲಿ ಹಿರಿಯರು ಗೋಡೆಗೆ ಒರಗಿ ಕೂತಾಗ ಕಿರಿಯರು ಒಂದು ಮಾರು ಈಚೆ ಕೂಡುವುದಿಲ್ಲವೇ, ಹಾಗೆ. ಇದು ನಮಗೆಲ್ಲ ಬೇಗ ತಿಳಿಯಿತು. ಉದಾಹರಣೆಗೆ ರಶ್ಮಿ ಬೋರ್ಡಿನ ಮೇಲೆ ಒಂದು ಪ್ರೋಗ್ರಾಂ ಬರೆದಳು. ಮನೆಗೆ ಬಂದವರಿಗೆ ಚಹಾ ಬೇಕೇ ಎಂದು ಕೇಳುವುದು. ಹೌದು ಎಂದರೆ "ಚಹಾ ತಗೊಳ್ಳಿ". ಇಲ್ಲದಿದ್ದರೆ "ಸರಿ, ಹೋಗಿ ಬನ್ನಿ".

ಕೂತವರೆಲ್ಲ ಪೆನ್ನು ಕೆಳಗಿಟ್ಟರು. ಯಾರೋ ಅಶುಭ ನುಡಿದ ಹಾಗೆ.

"ಏನ್ರಿ ಇದು?" ಮಲ್ಲಣ್ಣ ಮಾಸ್ತರರು ಎದ್ದು ನಿಂತರು. "ಒಮ್ಮೆ ಬ್ಯಾಡಂದ ಕೂಡ್ಲೆ ಹೋಗಿ ಬರ್ರಿ ಅನ್ನೋದಾ? ಇಂಥಾ ಮನಿಗೆ ಯಾರ್ ಬರ್ತಾರ್ರಿ?"

"ಅವರೇ ಬೇಡ ಅಂದ್ರಲ್ಲ ಸರ್," ಅಂದಳು ರಶ್ಮಿ.

"ಅಂದೇ ಅಂತಾರ. ಅನ್ಲಿಕ್ಕಂದ್ರ ಮಂದಿ ಏನ್ ತಿಳ್ಕೋಬೇಕು? ಚಾ ಕುಡ್ಯಾಕs ಬಂದಾನ ಅಂತಾರ. ಮೂರು ಸಲ ಕೇಳ್ಬೇಕ್ರಿ ಮೇಡಂ. ನಾಕನೇ ಸಲ ಕೇಳಬಾರ್ದು. ನಾಕನೇ ಸಲ ಕೇಳಿದ್ರ ಅದು ಉಪಚಾರ ಅಲ್ಲ, ಜಗಳ."

ಹಿಂದಿನಿಂದ ಗೌತಮ ಸರ್ ಕೈ ಎತ್ತಿದರು. ಜೇವರ್ಗಿ ತಾಲ್ಲೂಕಿನ ಅಂದೋಲಾ ಕಡೆಯವರು, ವಿಜ್ಞಾನ ಹೇಳುವವರು, ಮಾತು ಕಡಿಮೆ. "ಕೇಳೋದs ತಪ್ಪು ನೋಡ್ರಿ," ಅಂದರು. "ನಮ್ಮಲ್ಲಿ ಕೇಳಂಗಿಲ್ಲ. ಕಪ್ ತಂದು ಕೈಯಾಗ ಇಡ್ತೀವಿ. ಕೇಳಿದ್ರ ಇವ್ರಿಗಿ ಕೊಡೋ ಮನಸಿಲ್ಲ ಅಂತ ತಿಳ್ಕೋತಾರ."

"ಹಾಗಾದ್ರೆ ನಿಮ್ಮ ಪ್ರೋಗ್ರಾಂನಲ್ಲಿ ಪ್ರಶ್ನೇನೇ ಇಲ್ಲ ಸರ್," ಅಂದಳು ರಶ್ಮಿ.

"ಇಲ್ರಿ. ಬರೇ ಪ್ರಿಂಟ್," ಅಂದರು ಗೌತಮ ಸರ್. ಅವರ ಪ್ರೋಗ್ರಾಂ ಒಂದೇ ಸಾಲಿನದಾಯಿತು. ಅವತ್ತು ಎಲ್ಲರಿಗಿಂತ ಮೊದಲು ಮುಗಿಸಿದವರೂ ಅವರೇ, ಒಂದೂ ಕೆಂಪು ಅಕ್ಷರ ಕಾಣದವರೂ ಅವರೇ.

ರಶ್ಮಿ ಬುದ್ಧಿವಂತೆ. ನಮ್ಮ ಜಗಳವನ್ನೇ ಹಿಡಿದು ಮುಂದಿನ ಪಾಠಕ್ಕೆ ಹೋದಳು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಲು ವೈಲ್ ಎಂಬ ಶಬ್ದವಿದೆ. ಷರತ್ತು ಮುಗಿಯುವವರೆಗೆ ಯಂತ್ರ ಅದನ್ನು ಮಾಡುತ್ತಲೇ ಇರುತ್ತದೆ. ಮಲ್ಲಣ್ಣ ಮಾಸ್ತರರು ಮೂರು ಸಲ ಕೇಳಿ ನಿಲ್ಲುವಂತೆ ಬರೆದರು. ನಾನು ನಿಲ್ಲಿಸುವ ಸಾಲನ್ನೇ ಹಾಕಲಿಲ್ಲ. ಬಂದವರು ಹೌದು ಅನ್ನುವವರೆಗೆ ಕೇಳುತ್ತಿರು, ಅಷ್ಟೇ. ರಶ್ಮಿ ನನ್ನ ಬೆನ್ನ ಹಿಂದೆ ನಿಂತು ಓದಿದಳು. "ಎಷ್ಟು ಸಲ ಅಂತ ಹೇಳ್ದೇ ಇದ್ರೆ ಇದು ನಿಲ್ಲಲ್ಲ ಮೇಡಂ. ಒಂದು ಲೆಕ್ಕ ಹಾಕಿ," ಅಂದಳು.

"ಎಣಿಸಿ ಉಪಚಾರ ಮಾಡೋದು ನಮ್ಮ ಮನೆತನದಾಗಿಲ್ಲವಾ," ಅಂದೆ. "ಮತ್ತ ನಿಲ್ಲೋದು ಯಾಕ ಬೇಕು? ಬಂದವ್ರು ಹೌದನ್ನೋದು ಗ್ಯಾರಂಟಿ ಅದ. ನಮ್ಮ ಕಡಿ ಯಾರೂ ಚಾ ಕುಡೀದs ಹೋಗಿಲ್ಲ."

ಇದನ್ನು ನಾನು ಎಷ್ಟು ಧೈರ್ಯವಾಗಿ ಹೇಳಿದೆನೆಂದರೆ, ರಶ್ಮಿಯೂ ಒಪ್ಪಿಬಿಟ್ಟಳು. ಹೋಗುವ ಮುಂಚೆ ಮಾತ್ರ, ಅಕಸ್ಮಾತ್ ನಿಲ್ಲಿಸಬೇಕಾದರೆ ಯಾವ ಎರಡು ಕೀಲಿ ಒಟ್ಟಿಗೆ ಒತ್ತಬೇಕೆಂದು ಹೇಳಿದಳು. ನಾನು ಹೂಂ ಅಂದೆ. ಬೇಕಾಗುವುದಿಲ್ಲವೆಂದು ಗೊತ್ತಿದ್ದದ್ದರಿಂದ ನೆನಪಿಟ್ಟುಕೊಳ್ಳಲಿಲ್ಲ.

ಶಾಲೆಗೆ ಮರಳಿ ಹುಡುಗಿಯರಿಗೆ ಕಲಿಸಿದೆ. ಚೆನ್ನಾಗಿ ಕಲಿಸಿದೆ ಎಂದು ಹೇಳಿದರೆ ಜಂಬವಾಗುತ್ತದೆ, ಆದರೆ ಸಾಕ್ಷಿ ಹೇಳುವವರು ಸುಳ್ಳು ಹೇಳಬಾರದು, ಚೆನ್ನಾಗಿಯೇ ಕಲಿಸಿದೆ. ಕೆಂಪು ಅಕ್ಷರ ಬಂದರೆ ಹೆದರದೆ ಕೊನೆಯ ಸಾಲಿನಿಂದ ಓದಬೇಕು ಎಂಬುದನ್ನು ಅವರು ನನಗಿಂತ ಬೇಗ ಕಲಿತರು. ನನ್ನ ಚಹಾ ಪ್ರೋಗ್ರಾಂ ಅವರಿಗೆಲ್ಲ ಇಷ್ಟವಾಯಿತು. ಅವರ ಸಲಹೆಯಂತೆ ಅದಕ್ಕೆ ಇನ್ನಷ್ಟು ಜೀವ ತುಂಬಿದೆ. ಮೊದಲು "ಚಾ ಕುಡೀತೀರೇನ್ರಿ?" ಎಂದು ಕೇಳುತ್ತದೆ. ಆಮೇಲೆ "ಜರಾ ಕುಡೀರಿ". ಅದರ ನಂತರ ಪ್ರತಿಸಲವೂ "ನಮ್ಮ ಮನಿ ಚಾ ಸೇರಂಗಿಲ್ಲೇನ್ರಿ?" ಎನ್ನುತ್ತದೆ. ಕನ್ನಡದಲ್ಲಿ ಟೈಪ್ ಮಾಡಲು ತ್ರಾಸವಾಗಬಾರದೆಂದು, ಹೌದಾದರೆ ಒಂದು, ಬ್ಯಾಡವಾದರೆ ಎರಡು ಒತ್ತಬೇಕು ಎಂದು ಮಾಡಿದೆವು. ಹುಡುಗಿಯರು ನೂರು ಸಲ ಓಡಿಸಿ ನೋಡಿದರು. ನಮ್ಮ ಕಡೆಯ ಮಕ್ಕಳಲ್ಲವೇ, ಒಮ್ಮೆ ಎರಡು ಒತ್ತಿ, ಮತ್ತೊಮ್ಮೆ ಎರಡು ಒತ್ತಿ, ಮೂರನೆಯ ಸಲ ಒಂದನ್ನೇ ಒತ್ತುತ್ತಿದ್ದರು. ಪ್ರೋಗ್ರಾಂ ಒಮ್ಮೆಯೂ ತಪ್ಪಲಿಲ್ಲ.

ಸಾಹೇಬರು ಬಂದರು. ಅವರೂ ಹೊರಗಿನವರಲ್ಲ, ಅಫಜಲಪುರ ತಾಲ್ಲೂಕಿನ ಸೊನ್ನದ ಬ್ಯಾರೇಜಿನ ಹತ್ತಿರದ ಊರಿನವರು. ಇದನ್ನು ಕೇಳಿ ನನಗೆ ಧೈರ್ಯ ಇನ್ನೂ ಹೆಚ್ಚಾಗಿತ್ತು. ಕೋಣೆಗೆ ಬಂದು ನಾಲ್ಕು ಯಂತ್ರಗಳನ್ನೂ, ನಲವತ್ತು ಹುಡುಗಿಯರನ್ನೂ ನೋಡಿ, "ಭಾಳ ಇಕ್ಕಟ್ಟದಲ್ರಿ ಅಕ್ಕೋರೆ," ಎಂದರು. ನಮ್ಮ ಕಡೆ ಟೀಚರುಗಳಿಗೆ ಅಕ್ಕೋರೆ ಅನ್ನುವುದು. ನಾನು ಅವರನ್ನು ಒಂದು ಯಂತ್ರದ ಮುಂದೆ ಕೂಡಿಸಿದೆ. ಭಾಗ್ಯಶ್ರೀ ಪ್ರೋಗ್ರಾಂ ಶುರು ಮಾಡಿದಳು. "ಶರಣ್ರಿ" ಎಂದು ಬಂತು. ಸಾಹೇಬರು ಮುಗುಳ್ನಕ್ಕರು. "ಚಾ ಕುಡೀತೀರೇನ್ರಿ?" ಎಂದು ಬಂತು. ಸಾಹೇಬರು ಎರಡು ಒತ್ತಿದರು. ಹುಡುಗಿಯರು ಸಂತೋಷದಿಂದ ಒಬ್ಬರನ್ನೊಬ್ಬರು ನೋಡಿದರು. ಎಲ್ಲ ನಾವು ಅಂದುಕೊಂಡಂತೆಯೇ ನಡೆಯುತ್ತಿತ್ತು. "ಜರಾ ಕುಡೀರಿ." ಎರಡು. "ನಮ್ಮ ಮನಿ ಚಾ ಸೇರಂಗಿಲ್ಲೇನ್ರಿ?" ಎಂದು ಯಂತ್ರ ಕೇಳಿತು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಅದು ಕೀಲಿಮಣೆಯ ಮೇಲೆ ಸ್ವಲ್ಪ ಹೊತ್ತು ನಿಂತು, ಒಂದರ ಹತ್ತಿರ ಹೋಗಿ, ಅದನ್ನು ದಾಟಿ, ಎರಡನ್ನೇ ಒತ್ತಿತು.

ಕೇಳಿತು. ಒತ್ತಿದರು. ಕೇಳಿತು. ಒತ್ತಿದರು.

"ಏನ್ರಿ ಇದು, ನಮ್ಮ ಅತ್ತಿ ಮನಿ ಇದ್ದಂಗದ," ಎಂದರು ಸಾಹೇಬರು.

"ಸರ್, ಒಂದು ಒತ್ತಿಬಿಡ್ರಿ. ಮುಗೀತದ," ಅಂದೆ.

"ಹ್ಯಾಂಗ ಒತ್ಲಿ? ನನಗ ಸಕ್ಕರಿ ರೋಗ ಅದರಿ. ಚಾ ಬಿಟ್ಟೇನಿ ಅಂತ ಮನ್ಯಾಗ ಮಾತು ಕೊಟ್ಟೇನಿ."

"ಇದು ಖರೇ ಚಾ ಅಲ್ರಿ ಸರ್."

"ಮಾತು ಖರೇ ಅದಲ್ರಿ," ಅಂದರು ಸಾಹೇಬರು, ಮತ್ತು ಎರಡು ಒತ್ತಿದರು.

ಆ ಮನುಷ್ಯನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ. ಗೌರವದ ಹಿಂದೆಯೇ ಭಯವೂ ಹುಟ್ಟಿತು. ಮೂರು ತಾಲ್ಲೂಕುಗಳಲ್ಲಿ ಬ್ಯಾಡವೆಂದರೆ ಬ್ಯಾಡವೇ ಆಗಿರುವ ಒಬ್ಬನೇ ಒಬ್ಬ ಮನುಷ್ಯ ನಮ್ಮ ಶಾಲೆಗೇ ಬರಬೇಕೇ, ಈ ಪ್ರೋಗ್ರಾಂ ಮುಂದೆಯೇ ಕೂಡಬೇಕೇ? ಯಂತ್ರ ಬಿಡುವುದಿಲ್ಲ, ಅವರು ಒಪ್ಪುವುದಿಲ್ಲ. ಅಷ್ಟರಲ್ಲಿ ಬಿಸಿಯೂಟದ ಶಿವಮ್ಮ ತಟ್ಟೆಯಲ್ಲಿ ಖರೇ ಚಹಾ ಹಿಡಿದು ಒಳಗೆ ಬಂದಳು. ಅವಳಿಗೆ ಇಲ್ಲಿ ನಡೆದದ್ದು ಗೊತ್ತಿಲ್ಲ. "ಕುಡೀರಿ ಸಾಹೇಬ್ರ, ಯಾಲಕ್ಕಿ ಹಾಕೇನಿ," ಅಂದಳು. ಸಾಹೇಬರು ಕೈಯಿಂದ ಅವಳಿಗೆ ಬ್ಯಾಡವೆಂದರು, ಬೆರಳಿನಿಂದ ಯಂತ್ರಕ್ಕೆ ಬ್ಯಾಡವೆಂದರು. "ಯಾಕ್ರಿ, ನಮ್ಮ ಶಾಲಿ ಚಾ ಸೇರಂಗಿಲ್ಲೇನ್ರಿ?" ಎಂದು ಶಿವಮ್ಮ ಕೇಳಿದಳು. ಅದೇ ಹೊತ್ತಿಗೆ ತೆರೆಯ ಮೇಲೆ ಅದೇ ಮಾತು ಬಂತು. ಸಾಹೇಬರು ಒಮ್ಮೆ ಅವಳನ್ನು, ಒಮ್ಮೆ ಯಂತ್ರವನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಹುಡುಗಿಯರು ಇಷ್ಟು ಹೊತ್ತು ತಡೆದಿದ್ದ ನಗು ಒಮ್ಮೆಲೇ ಹೊರಬಂತು. ನನಗೆ ನಾಲ್ಕು ಹೊಸ ಯಂತ್ರಗಳು ಕಣ್ಣ ಮುಂದೆ ಒಂದರ ಹಿಂದೊಂದು ಬಾಗಿಲು ದಾಟಿ ಹೋದಂತೆ ಕಂಡಿತು.

ರಶ್ಮಿ ಹೇಳಿದ ಎರಡು ಕೀಲಿ ಯಾವುವು? ನೆನಪಾಗಲಿಲ್ಲ. ಪ್ರೋಗ್ರಾಂ ಓಡುತ್ತಿದ್ದ ವಿಂಡೋ ಎಂಬ ಕಿಟಕಿಯನ್ನೇ ಮುಚ್ಚಿದೆ. ಬಾಗಿಲು ಮುಚ್ಚಿದರೆ ಮನೆಯವರ ಉಪಚಾರ ತಾನೇ ನಿಲ್ಲುತ್ತದೆ. ನಂತರ, ಇದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆ, ನಾನು ಓಡಿಹೋಗಲಿಲ್ಲ. "ಸರ್, ಒಂದು ನಿಮಿಷ ಕೂಡ್ರಿ. ತಪ್ಪು ಎಲ್ಲಿ ಅದ ಅಂತ ನನಗ ಗೊತ್ತದ," ಎಂದು ಅವರ ಮುಂದೆಯೇ ಪ್ರೋಗ್ರಾಂ ತೆರೆದೆ. ಎರಡು ಒತ್ತಿದರೆ "ಆಯ್ತ್ರಿ, ನೀರಾದ್ರೂ ಕುಡೀರಿ" ಎಂದು ಹೇಳು, ಅಲ್ಲಿಗೆ ನಿಲ್ಲು ಎಂದು ಬರೆದೆ. ನಿಲ್ಲುವುದಕ್ಕೆ ಆ ಭಾಷೆಯಲ್ಲಿ ಬ್ರೇಕ್ ಎನ್ನುತ್ತಾರೆ, ಬಸ್ಸಿನಲ್ಲಿ ಅನ್ನುವ ಹಾಗೆಯೇ. ಓಡಿಸಿದೆ. ಕೆಂಪು ಅಕ್ಷರ ಬಂತು. ಕೊನೆಯ ಸಾಲಿನಿಂದ ಓದಿದೆ. ಷರತ್ತಿನ ಕೊನೆಯ ಎರಡು ಚುಕ್ಕೆ ಇರಲಿಲ್ಲ. ಇಟ್ಟೆ. ಮತ್ತೆ ಓಡಿಸಿದೆ.

"ಚಾ ಕುಡೀತೀರೇನ್ರಿ?" ಸಾಹೇಬರು ಬಹಳ ಎಚ್ಚರಿಕೆಯಿಂದ ಎರಡು ಒತ್ತಿದರು. "ಆಯ್ತ್ರಿ, ನೀರಾದ್ರೂ ಕುಡೀರಿ," ಎಂದು ಬಂತು. ಅವರು ಕಾದರು. ಮತ್ತೇನೂ ಬರಲಿಲ್ಲ. ಅವರ ಭುಜ ಕೆಳಗಿಳಿದದ್ದನ್ನು ನಾನು ಕಂಡೆ.

ನನಗೆ ಧೈರ್ಯ ಬಂದು ಭಾಷಣವನ್ನೇ ಮಾಡಿದೆ. ಹುಡುಗಿಯರಿಗೆ ಹೇಳಿದಂತೆ ಮಾಡಿ ಸಾಹೇಬರಿಗೆ ಹೇಳಿದೆ. ಯಂತ್ರಕ್ಕೆ ಮುಖ ನೋಡಿ ಮನಸ್ಸು ತಿಳಿಯಲು ಬರುವುದಿಲ್ಲ. ಎದುರಿಗಿರುವವರು ಏನು ಅಂದರೋ ಅದನ್ನೇ ಖರೆ ಎಂದು ನಂಬಬೇಕು. ಬ್ಯಾಡ ಅಂದರೆ ಬ್ಯಾಡ, ಅಲ್ಲಿಗೆ ನಿಲ್ಲಬೇಕು. ಸಾಹೇಬರು ಟೇಬಲ್ಲಿನ ಮೇಲೆ ಕೈ ಬಡಿದರು. "ಭಾಳ ಛಲೋ ಹೇಳಿದ್ರಿ ಅಕ್ಕೋರೆ. ಇದನ್ನ ಮನಷ್ಯಾರೂ ಕಲೀಬೇಕ್ರಿ. ಮದಿವಿಗೆ ಹೋದ್ರ ಹೋಳಿಗಿ, ಭಾಷಣಕ್ಕ ಹೋದ್ರ ಪೇಢಾ, ಯಾರೂ ನನ್ನ ಮಾತು ಕೇಳಂಗಿಲ್ಲ. ಇವತ್ತಿನಿಂದ ನಾನೂ ಹಿಂಗs. ಅಂದದ್ದನ್ನ ಅಂದಂಗ ತಗೋತೇನಿ." ಎದ್ದರು. ಬಾಗಿಲ ಹತ್ತಿರ ನಿಂತು, "ಕೆಲಸ ಖರೇನ ನಡೆದದ. ನಾಕು ಮಷಿನ್ ಅವ. ನಿಮಗ ಕೊಡ್ಲೇನ್ರಿ?" ಎಂದು ಕೇಳಿದರು.

ಇಲ್ಲಿ ನಾನು ಏನು ಹೇಳಿದೆ ಎಂಬುದನ್ನು ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಬರೆಯುತ್ತೇನೆ. "ಅಯ್ಯ, ಬ್ಯಾಡ್ರಿ ಸರ್. ಇದ್ದದ್ದರಾಗ ನಡಸ್ತೀವಿ. ನಿಮಗ್ಯಾಕ ಸುಮ್ನ ತ್ರಾಸ," ಎಂದೆ.

"ಆಯ್ತ್ರಿ," ಅಂದರು ಸಾಹೇಬರು. "ಶರಣ್ರಿ." ಹೊರಟುಹೋದರು.

ನಾನು ನಗುಮುಖದಿಂದ ನಿಂತೇ ಇದ್ದೆ. ಎರಡನೆಯ ಸಲ ಕೇಳುತ್ತಾರೆಂದು ಕಾಯುತ್ತಿದ್ದೆ. ಎರಡನೆಯ ಸಲಕ್ಕೆ ಏನು ಹೇಳಬೇಕು, ಮೂರನೆಯ ಸಲಕ್ಕೆ ಹೇಗೆ ಒಪ್ಪಬೇಕು ಎಂಬುದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಅಂಗಳದಲ್ಲಿ ಜೀಪಿನ ಬಾಗಿಲು ಮುಚ್ಚಿದ ಸಪ್ಪಳ ಕೇಳಿತು. ಹಿಂದೆ ತಿರುಗಿದರೆ ನಲವತ್ತು ಹುಡುಗಿಯರು ನನ್ನನ್ನೇ ನೋಡುತ್ತಿದ್ದರು. "ಅಕ್ಕೋರೆ," ಭಾಗ್ಯಶ್ರೀ ಮೆಲ್ಲಗೆ ಅಂದಳು, "ಅವರು ಬ್ರೇಕ್ ಹಾಕ್ಕೊಂಡಾರ್ರಿ."

ನಾನು ಓಡಿದ ವಿಷಯವನ್ನು ನೋಡಿದವರು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಾರೆ. ಶಿವಮ್ಮ ಹೇಳುವ ಪ್ರಕಾರ ನನ್ನ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ. ಅದು ಅತಿಶಯೋಕ್ತಿ, ಒಂದು ಚಪ್ಪಲಿ ಮಾತ್ರ ತಾಕುತ್ತಿರಲಿಲ್ಲ, ಏಕೆಂದರೆ ಅದು ಕೋಣೆಯ ಬಾಗಿಲಲ್ಲೇ ಉಳಿದಿತ್ತು. ಗೇಟಿನ ಹತ್ತಿರ ಜೀಪಿಗೆ ಅಡ್ಡ ನಿಂತೆ. ಸಾಹೇಬರು ಗಾಜು ಇಳಿಸಿದರು.

"ಸರ್, ಮತ್ತೊಮ್ಮೆ ಕೇಳ್ರಿ," ಅಂದೆ, ಏದುಸಿರು ಬಿಡುತ್ತ.

"ಏನ್ ಕೇಳ್ಬೇಕ್ರಿ?"

"ಅದs. ಮಷಿನ್ ಕೊಡ್ಲೇನ್ರಿ ಅಂತ."

ಸಾಹೇಬರು ನನ್ನನ್ನೂ, ಒಂದೇ ಚಪ್ಪಲಿಯನ್ನೂ ನೋಡಿದರು. "ಮಷಿನ್ ಕೊಡ್ಲೇನ್ರಿ ಅಕ್ಕೋರೆ?" ಎಂದು ಕೇಳಿದರು.

ದೇವರಾಣೆ, ನನಗೆ ಹೌದು ಅನ್ನಬೇಕೆಂದೇ ಇತ್ತು. ಬಾಯಿಯಿಂದ ಬಂದದ್ದು "ಬ್ಯಾ" ಎಂಬ ಅಕ್ಷರ. ಐವತ್ತು ವರ್ಷದ ಅಭ್ಯಾಸ. ತುಟಿ ನನ್ನದಾದರೂ ಮಾತು ನನ್ನ ಅಜ್ಜಿಯದು. ಅಷ್ಟರಲ್ಲಿ ನನ್ನ ಹಿಂದೆಯೇ ಓಡಿಬಂದಿದ್ದ ಇಡೀ ತರಗತಿ ಒಂದೇ ದನಿಯಲ್ಲಿ "ಹೌದ್ರೀ!" ಎಂದು ಕೂಗಿತು.

"ಇದು ಹುಡುಗ್ಯಾರ ಉತ್ತರ," ಅಂದರು ಸಾಹೇಬರು. ಅವರ ಮುಖದಲ್ಲಿ ನಗುವಿರಲಿಲ್ಲ, ಹೊಸದಾಗಿ ವ್ರತ ಹಿಡಿದವರಿಗೆ ಇರುವ ಕಟ್ಟುನಿಟ್ಟು ಇತ್ತು. "ನಿಮ್ಮದು?"

ನಾನು ನೆಲ ನೋಡುತ್ತ ನಿಂತೆ. ಚಪ್ಪಲಿ ಇಲ್ಲದ ಕಾಲನ್ನು ಚಪ್ಪಲಿ ಇದ್ದ ಕಾಲಿನ ಮೇಲಿಟ್ಟುಕೊಂಡೆ. "ಹೌದ್ರಿ," ಅಂದೆ. "ಬೇಕ್ರಿ. ನಾಕೂ ಬೇಕು." ಹೇಳಿದ ಮೇಲೆ ಮುಖವೆಲ್ಲ ಬಿಸಿಯಾಯಿತು. ಆದರೆ ಭೂಮಿ ಬಾಯಿ ಬಿಡಲಿಲ್ಲ, ಯಾರೂ ನನ್ನನ್ನು ಹಸಿದವಳೆಂದು ಅನ್ನಲಿಲ್ಲ. ಸಾಹೇಬರು "ಸೋಮವಾರ ಟೆಂಪೋ ಕಳಸ್ತೇನಿ" ಎಂದಷ್ಟೇ ಹೇಳಿ ಗಾಜು ಏರಿಸಿದರು. ಸೋಮವಾರ ಟೆಂಪೋ ಬಂತು. ಈಗ ಭಾಗ್ಯಶ್ರೀಗೆ ಗಂಟೆ ಹೊಡೆಯುವುದಕ್ಕೆ ಬಹಳ ಮೊದಲೇ ಸರದಿ ಬರುತ್ತದೆ, ಒಮ್ಮೊಮ್ಮೆ ಎರಡು ಸಲ.

ಟೆಂಪೋ ಬಂದ ದಿನ ಸಂಜೆ ಅಂಗಳದಲ್ಲಿ ಚಹಾ ಕುಡಿಯುತ್ತ ನಮ್ಮ ಮನೆಯವರಿಗೆ ಇದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹೆಬ್ಬಾವು ಸುತ್ತಿಕೊಂಡರೂ ಬಿಡಿಸಿಕೊಂಡು ಬಂದೆ ಎಂದು ಸ್ವಲ್ಪ ಬೀಗಿದೆ. ಅವರು ಮಾತಿನ ನಡುವೆ ಎಲ್ಲೂ ನಗಲಿಲ್ಲ. ಕೊನೆಗೆ, "ಸಾಹೇಬ್ರು ನಸೀಬಿನವರು," ಎಂದರು. "ನಿನ್ನ ಬಾಯಾಗಿಂದ ಹೌದು ಕೇಳಿದ್ರು. ನಮ್ಮ ಮದಿವಿಗೆ ನೀ ಹೌದಂದದ್ದನ್ನ ನಾ ಇನ್ನೂ ಕೇಳಿಲ್ಲ."

ಅದು ನಿಜ. ಅವರು ನನ್ನನ್ನು ನೋಡಲು ಬಂದ ದಿನ ನಮ್ಮಣ್ಣ ಒಳಗೆ ಬಂದು, ಹುಡುಗ ಒಪ್ಪಿಗೆಯೇ ಎಂದು ಕೇಳಿದಾಗ ನಾನು ಗೋಡೆಯ ಕಡೆ ತಿರುಗಿ "ಬ್ಯಾಡ" ಅಂದಿದ್ದೆ. ಅಣ್ಣ ನನ್ನ ಮುಖ ನೋಡಿ, ಹೊರಗೆ ಹೋಗಿ, ಒಪ್ಪಿದ್ದಾಳೆ ಎಂದು ಹೇಳಿ ಸಕ್ಕರೆ ಹಂಚಿದ್ದ. ಅಣ್ಣ ಸರಿಯಾಗಿಯೇ ತಿಳಿದುಕೊಂಡಿದ್ದ. ಆದರೆ ಹೊರಗೆ ಕೂತಿದ್ದವರಿಗೆ ನನ್ನ ಉತ್ತರವನ್ನು ನನ್ನ ದನಿಯಲ್ಲಿ ಯಾರೂ ತಲುಪಿಸಲಿಲ್ಲ.

"ಈಗ ಕೇಳ್ಲೇನು?" ಎಂದರು ನಮ್ಮ ಮನೆಯವರು. "ಒಪ್ಪಿಗಿ ಅದನೋ ಇಲ್ಲೋ?"

"ಅಯ್ಯ, ಬ್ಯಾಡ, ಸುಮ್ನಿರ್ರಿ," ಅಂದೆ. "ಈ ವಯಸ್ಸಿನ್ಯಾಗ ಇದೇನು ಕೇಳೋದು."

ಅವರು ಕಪ್ಪನ್ನು ಕೆಳಗಿಟ್ಟರು. ಮೀಸೆ ಒರೆಸಿಕೊಂಡರು. ಎರಡನೆಯ ಸಲ ಕೇಳಿದರು.